ನೈಟ್ರಾಕ್ಸ್ ಲೆಕ್ಕ: ಕೈಯಲ್ಲಿ ಹಾಕುತ್ತೀರಾ, ಕಂಪ್ಯೂಟರ್‌ಗೆ ಬಿಡುತ್ತೀರಾ?

ಮೈಸೂರು ಮೀನು: ಜನವರಿಯಲ್ಲಿ ಅಂಡಮಾನ್‌ನ ಹ್ಯಾವ್‌ಲಾಕ್‌ನಲ್ಲಿ ನೈಟ್ರಾಕ್ಸ್ (ಮಾಮೂಲಿ ಗಾಳಿಗಿಂತ ಆಮ್ಲಜನಕ ಹೆಚ್ಚಿರುವ ಡೈವಿಂಗ್ ಗಾಳಿ) ಕೋರ್ಸ್ ಮಾಡುವ ಯೋಚನೆ ಇದೆ. ಆಳ, ಸಮಯ ನೋಡಿಕೊಳ್ಳುವ ಡೈವ್ ಕಂಪ್ಯೂಟರ್ ಇರುವಾಗ ಪಾರ್ಷಿಯಲ್ ಪ್ರೆಶರ್ (ಒಟ್ಟು ಒತ್ತಡದಲ್ಲಿ ಆಮ್ಲಜನಕದಂಥ ಒಂದು ಅನಿಲದ ಪಾಲು) ಲೆಕ್ಕ ಕೈಯಲ್ಲಿ ಕಲಿಯಲೇಬೇಕಾ? ಮಾಡಿದವರು ಹೇಳಿ.

ಆಳದ ಭಟ್ಟ: ಬ್ಯಾಂಕಿನಲ್ಲಿ 22 ವರ್ಷ ಲೆಕ್ಕ ಬರೆದವನು ನಾನು. ಆದರೂ ನೈಟ್ರಾಕ್ಸ್ ಕೋರ್ಸ್‌ನಲ್ಲಿ ಮಣ್ಣು ಮುಕ್ಕಿದೆ. ಆಮ್ಲಜನಕದ ಒತ್ತಡಕ್ಕೆ ಇಟ್ಟ ಮಿತಿ 1.4 ಬಾರ್, ಮಿಕ್ಸ್‌ನಲ್ಲಿ ಆಮ್ಲಜನಕ ಶೇ. 32. 1.4 ಅನ್ನು 0.32ರಿಂದ ಭಾಗಿಸಿದೆ, 4.375 ಬಂತು. ಹತ್ತು ಮೀಟರ್ ನೀರಿಗೆ ಒಂದು ಬಾರ್ ಅಂತ ಹತ್ತರಿಂದ ಗುಣಿಸಿ ಸಿಲಿಂಡರ್ ಟೇಪಿನ ಮೇಲೆ '43 ಮೀಟರ್' ಅಂತ ದಪ್ಪಗೆ ಬರೆದೆ. ನೀರಿನ ಮೇಲಿನ ಗಾಳಿಯ ಒತ್ತಡ ಒಂದು ಬಾರ್ ಕಳೆಯಲೇ ಇಲ್ಲ! ಸರಿ ಉತ್ತರ 33. 43ರಲ್ಲಿ ಆಮ್ಲಜನಕ 1.7 ಬಾರ್ ಆಗುತ್ತಿತ್ತು. ಮೇಷ್ಟ್ರು ಟೇಪ್ ಕಿತ್ತು ನನ್ನ ಅಂಗೈಗೇ ಅಂಟಿಸಿದರು. ಪರೀಕ್ಷೆ ಮರುದಿನಕ್ಕೆ ಹೋಯಿತು, ಫೆರಿ ತಪ್ಪಿತು. ರೂಮ್ 3,200, ಹೊಸ ವಿಮಾನ ಟಿಕೆಟ್ 9,740. 'ಆ ಒಂದು ಬಾರ್ ಎಷ್ಟಾಯ್ತು?' ಅಂತ ಹೆಂಡತಿ ಈಗಲೂ ಕೇಳುತ್ತಾಳೆ.

ಕಡಲಕ್ಕ: ಸಿಲಿಂಡರ್‌ನಲ್ಲಿ ಏನಿದೆ ಅಂತ ಕಂಪ್ಯೂಟರ್ ಮೂಸಿ ನೋಡುವುದಿಲ್ಲ. ಸ್ಟಿಕರ್‌ನಲ್ಲಿ 32 ಇತ್ತು, ಕಂಪ್ಯೂಟರ್‌ಗೆ 32 ಅಂತಲೇ ಒತ್ತಿದೆ. 33 ಮೀಟರ್ ಇಳಿದೆ. ಮೇಲೆ ಬಂದು ಸುಮ್ನೆ ಆಮ್ಲಜನಕ ಅಳೆಯುವ ಅನಲೈಸರ್ ಹಿಡಿದರೆ 36! ಅಂದರೆ ಆ ಆಳದ 4.3 ಬಾರ್ ಒತ್ತಡಕ್ಕೆ ಆಮ್ಲಜನಕ 1.55, ಮಿತಿ ಮೀರಿತ್ತು. ಆಮ್ಲಜನಕ ಹೆಚ್ಚಾಗಿ ಫಿಟ್ಸ್ ಬರುವ ಮುಂಚೆ ಯಾವ ಸೂಚನೆಯೂ ಇರದೆ ಹೋಗಬಹುದು, ನೀರಿನಡಿ ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರಿದರೆ ಅಷ್ಟೇ. ಹೆದರಿಕೆಗೆ ದೋಣಿಯಲ್ಲಿ ಚಹಾ ಕಪ್ ಹಿಡಿಯಲು ಆಗಲಿಲ್ಲ.

ಆಳದ ಭಟ್ಟ: ಇಳಿಯುವ ಮುಂಚೆ ಅಳೆಯಬೇಕಿತ್ತು ಅಲ್ವಾ ಮೇಡಂ?

ಕಡಲಕ್ಕ: ಹತ್ತು ಕಳೆಯಲು ಬಾರದವರು ಪಾಠ ಹೇಳಬೇಡಿ.

ಸೆನ್ಸರ್ ಸಂಕಟ: ಅನಲೈಸರ್ ಅಂದರಲ್ಲ, ನನ್ನ ಕಥೆ ಕೇಳಿ. ಸ್ವಂತದ್ದಿರಲಿ ಅಂತ ಕೊಂಡೆ. ಎರಡೇ ವರ್ಷ. ಡಬ್ಬಿಯಲ್ಲಿ ಇಟ್ಟಲ್ಲೇ ಸೆನ್ಸರ್ ಸವೆಯಿತು. ಬರೀ ಗಾಳಿಗೆ 20.9 ತೋರಿಸಬೇಕು, ನನ್ನದು 17 ತೋರಿಸಿ ಓಲಾಡುತ್ತಿತ್ತು. ಹೊಸ ಸೆನ್ಸರ್ 9,500, ಕಸ್ಟಮ್ಸ್ 2,300. ಅದನ್ನು ಮುರುಡೇಶ್ವರದ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟೆ. ಅದೂ ಹೋಯಿತು.

ಹೊನ್ನಾವರದವ: ನೇತ್ರಾಣಿ ದ್ವೀಪದ 18 ಮೀಟರ್‌ಗೆ ನೈಟ್ರಾಕ್ಸ್ ಯಾಕೆ ಗುರು? ಗಾಳಿ ಸಾಲದಾ? ದುಡ್ಡು ಜಾಸ್ತಿ ಆಗಿದೆಯಾ?

ಸೆನ್ಸರ್ ಸಂಕಟ: 18ರಲ್ಲಿ ಗಾಳಿಯ ನೈಟ್ರೋಜನ್ 2.21 ಬಾರ್, 32ರ ಮಿಕ್ಸ್‌ನಲ್ಲಿ 1.90. ಮೈಗೆ ನೈಟ್ರೋಜನ್ ಕಮ್ಮಿ ಸೇರುತ್ತದೆ, ದಿನದ ಮೂರನೇ ಡೈವ್‌ಗೆ ಅದೇ ಲಾಭ. ನನಗಂತೂ ಸುಸ್ತೂ ಕಮ್ಮಿ ಅನ್ನಿಸುತ್ತದೆ.

ಹೊನ್ನಾವರದವ: ಸುಸ್ತು ದೋಣಿಯಲ್ಲಿ ವಾಂತಿ ಮಾಡಿದ್ದಕ್ಕೆ. ಕಳೆದ ಸಲ ನಿಮ್ಮ ಬಕೆಟ್ ಹಿಡಿದವನೇ ನಾನು.

ಕಡಲಕ್ಕ: ಆ ದಿನ ಅಲೆ ಹೇಗಿತ್ತು ಅಂತ ನಿಮಗೆ ಗೊತ್ತಲ್ಲ, ಯಾಕೆ ಹಂಗಿಸುತ್ತೀರಿ?

ಮೈಸೂರು ಮೀನು: ಅಂದರೆ ಲೆಕ್ಕ ಕಲಿಯಬೇಕಾ, ಬೇಡವಾ?

ಆಳದ ಭಟ್ಟ: ಬಕೆಟ್ ವಿಷಯ ಮುಗಿಯಲಿ, ಹೇಳುತ್ತೇನೆ.