ಅಪ್ಪನ ಆಧಾರ್, ಪ್ಯಾನ್ ಪ್ರತಿಗಳು ಊರೆಲ್ಲ ತಿರುಗಿವೆ, ಮೊದಲು ಯಾವುದಕ್ಕೆ ಬೀಗ?

ಪ್ರಶ್ನೆ (ಹಾಸನ, ಸಾಲಗಾಮೆ ರಸ್ತೆ)
ಅಪ್ಪ ನಿವೃತ್ತ ಶಿಕ್ಷಕರು. ಜಮೀನಿನ ಕೆಲಸ, ಸಾಲ, ಸಿಮ್ ಎಂದು ಅವರ ಆಧಾರ್ ಮತ್ತು ಪ್ಯಾನ್ ಪ್ರತಿಗಳು ಎಷ್ಟು ಜೆರಾಕ್ಸ್ ಅಂಗಡಿಗಳಲ್ಲಿ ಉಳಿದಿವೆಯೋ ದೇವರೇ ಬಲ್ಲ. ಕಳೆದ ವಾರ, ಅವರು ಪಡೆಯದೇ ಇದ್ದ ಸಾಲದ ಕಂತು ಕೇಳಿ ಕರೆ ಬಂದಿದೆ. ಅವರ ಬಳಿ ಇರುವುದು ಬಟನ್ ಮೊಬೈಲ್, ನಾನಿರುವುದು ಬೆಂಗಳೂರಿನಲ್ಲಿ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೂಡಿಗೆರೆ ಬೆಳೆಗಾರ
ಕಂತು ಕೇಳಿದ್ದಾರೆ ಎಂದರೆ ಕಳ್ಳತನ ಆಗಿಹೋಗಿದೆ, ಇನ್ನು ಬೀಗದ ಮಾತೇಕೆ? ನನ್ನ ಹೆಸರಿನಲ್ಲಿ ಯಾರೋ ಸಾಲದ ಆ್ಯಪ್ ಒಂದರಿಂದ 38,000 ರೂಪಾಯಿ ಎತ್ತಿದ್ದು ಗೊತ್ತಾಗಿದ್ದು ಬೆಳೆ ಸಾಲ ನವೀಕರಣಕ್ಕೆ ಹೋದಾಗ. ಸಾಲ ತೀರಿಸುವ ನಡವಳಿಕೆ ನೋಡಿ ಸಿಬಿಲ್ ಸಂಸ್ಥೆ ಕೊಡುವ ಅಂಕ 760 ಇದ್ದದ್ದು 590ಕ್ಕೆ ಬಿದ್ದಿತ್ತು. ಮ್ಯಾನೇಜರ್ ಕಡತ ಮುಚ್ಚಿ ಮುಂದಿನವರನ್ನು ಕರೆದರು. ಕೊಯ್ಲಿನ ಸಮಯ, ಆಳುಗಳ ಬಟವಾಡೆ ನಿಲ್ಲಿಸಲು ಆಗುತ್ತದೆಯೇ? ಖಾಸಗಿಯವರಿಂದ ಎರಡು ಲಕ್ಷ ತಂದೆ, ನೂರಕ್ಕೆ ಮೂರರ ಬಡ್ಡಿ, ತಿಂಗಳಿಗೆ 6,000. ಪ್ರತಿ ವರ್ಷ ಮಳೆಗಾಲದವರೆಗೆ ಹಿಡಿದಿಟ್ಟು ಮಾರುತ್ತಿದ್ದ ಮೆಣಸನ್ನು ಒಣಗಿದ ಕೂಡಲೇ ಕೊಟ್ಟೆ. ಕಿಲೋಗೆ 45 ರೂಪಾಯಿ ಕಡಿಮೆ ಸಿಕ್ಕಿ ನಾಲ್ಕು ಕ್ವಿಂಟಲ್‌ಗೆ 18,000 ಹೋಯಿತು. ಛಾಪಾ ಕಾಗದ 100, ನೋಟರಿ 300, ವಕೀಲರ ನೋಟಿಸ್ 3,500.
ಸಾಲ ಕೊಟ್ಟ ಸಂಸ್ಥೆ ಮತ್ತು ಸಿಬಿಲ್, ಎರಡೂ ಕಡೆ ಬರವಣಿಗೆಯಲ್ಲಿ ತಕರಾರು ಹಾಕಬೇಕು. 30 ದಿನಗಳಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಟ ಹಿಡಿದು ವಸೂಲಿ ಮಾಡಿದೆ. ಬಂದದ್ದು 2,300. ಬಡ್ಡಿಯ ಅರ್ಧ ತಿಂಗಳಿಗೂ ಸಾಲಲಿಲ್ಲ.

ಅರಸೀಕೆರೆ ಲೆಕ್ಕಪತ್ರದವರು
ಸಿಬಿಲ್ ಒಂದನ್ನೇ ನಂಬಿ ಕುಳಿತರೆ ಹೀಗೇ ಆಗುವುದು. ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ. ನಾಲ್ವರೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಾನು ಮೂರು ತಿಂಗಳಿಗೊಮ್ಮೆ ಒಬ್ಬರಿಂದ ತರಿಸುತ್ತೇನೆ, ನಯಾಪೈಸೆ ಖರ್ಚಿಲ್ಲ. ಆದಾಯ ತೆರಿಗೆ ಜಾಲತಾಣದಲ್ಲಿ ಪ್ಯಾನ್‌ಗೆ ಸೇರಿದ ತೆರಿಗೆ ಕಡಿತದ ಪಟ್ಟಿ, 26ಎಎಸ್ ಕೂಡ ನೋಡುತ್ತೇನೆ. ಪ್ಯಾನ್ ಹೆಸರಿನಲ್ಲಿ ಬೇರೆಯವರು ವ್ಯವಹಾರ ಮಾಡಿದ್ದರೆ ಅಲ್ಲಿ ಸುಳಿವು ಸಿಗುತ್ತದೆ. ಇಷ್ಟು ಶಿಸ್ತು ಇದ್ದಿದ್ದರೆ ಮೂಡಿಗೆರೆಯವರ ಮೆಣಸು ಉಳಿಯುತ್ತಿತ್ತು.

ಮೂಡಿಗೆರೆ ಬೆಳೆಗಾರ
ಫ್ಯಾನ್ ಕೆಳಗೆ ಕುಳಿತವರಿಗೆ ಶಿಸ್ತು ಸುಲಭ ಸ್ವಾಮಿ. ಡಿಸೆಂಬರ್‌ನಲ್ಲಿ ಒಂದು ದಿನ ತೋಟಕ್ಕೆ ಬನ್ನಿ.

ಬೇಲೂರು
ವರದಿ ನೋಡುವುದು ಆಮೇಲಿನ ಮಾತು, ಮೊದಲು ಆಧಾರ್ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಬೆರಳಚ್ಚಿಗೆ ಬೀಗ ಹಾಕಿ, ಆಮೇಲೆ ಆ ಅಚ್ಚು ಎಲ್ಲೂ ನಡೆಯುವುದಿಲ್ಲ. ನನ್ನ ಖಾತೆಯಿಂದ 10,000 ರೂಪಾಯಿಯನ್ನು ಆಧಾರ್ ಆಧಾರಿತ ಪಾವತಿಯಲ್ಲಿ ಎಳೆದಿದ್ದರು. ಒಟಿಪಿ ಇಲ್ಲ, ಕಾರ್ಡ್ ಇಲ್ಲ, ಬೆರಳಿನ ಅಚ್ಚು ಸಾಕು. ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟು ಕದ್ದು ಹೀಗೆ ಹಣ ತೆಗೆದದ್ದು 2023ರಲ್ಲಿ ನಮ್ಮ ರಾಜ್ಯದಲ್ಲೇ ಸುದ್ದಿಯಾಗಿತ್ತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮರುದಿನವೇ ಬ್ಯಾಂಕಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ನಮ್ಮ ತಪ್ಪಿಲ್ಲದೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆ ಸುತ್ತೋಲೆಯ ಪ್ರತಿಯನ್ನೇ ಮೇಜಿನ ಮೇಲಿಟ್ಟೆ. ಹಣ ವಾಪಸ್ ಬಂತು. ಅಂದಿನಿಂದ ಮನೆಮಂದಿಯ ಬೆರಳಚ್ಚಿಗೆಲ್ಲ ಬೀಗ.

ಚನ್ನರಾಯಪಟ್ಟಣ
ಬೀಗ ಹಾಕಿ ಎಂದು ಊರಿಗೆಲ್ಲ ಹೇಳುವವರು ಪಡಿತರದ ಕಥೆಯನ್ನೂ ಹೇಳಬೇಕು. ನಮ್ಮ ತಾಯಿಯದು ಒಬ್ಬರದೇ ಕಾರ್ಡ್. ಮೊಮ್ಮಗ ಮೊಬೈಲ್‌ನಲ್ಲಿ ಬೀಗ ಹಾಕಿ ಮೈಸೂರಿಗೆ ಹೋದ. ನ್ಯಾಯಬೆಲೆ ಅಂಗಡಿಯಲ್ಲಿ ಎಷ್ಟು ಒತ್ತಿದರೂ ಯಂತ್ರ 330 ಎಂದು, ಅಂದರೆ ಬೆರಳಚ್ಚಿಗೆ ಬೀಗ ಬಿದ್ದಿದೆ ಎಂಬ ಸಂಕೇತ ತೋರಿಸುತ್ತಿತ್ತು. ಬೆರಳು ಸವೆದಿದೆ ಎಂದು ನಿಂಬೆರಸ ಹಚ್ಚಿಸಿದರು, ಒರೆಸಿಸಿದರು. ಆ ತಿಂಗಳ ಅಕ್ಕಿ ಹೋಯಿತು.

ಬೇಲೂರು
ಹತ್ತು ನಿಮಿಷಕ್ಕೆ ತಾತ್ಕಾಲಿಕವಾಗಿ ತೆರೆಯುವ ಅವಕಾಶ ಅದೇ ಆ್ಯಪ್‌ನಲ್ಲಿದೆ. ತಿಳಿಯದಿದ್ದರೆ ಬೀಗದ ತಪ್ಪೇ?

ಚನ್ನರಾಯಪಟ್ಟಣ
ಎಪ್ಪತ್ತೆಂಟರ ಅಮ್ಮ ಸರದಿಯಲ್ಲಿ ನಿಂತು ಆ್ಯಪ್ ತೆರೆಯಬೇಕೇ? ನಿಮ್ಮ 10,000 ನಿಮಗೆ ಬಂತು, ನಮ್ಮ ಅಕ್ಕಿ ಯಾರು ಕೊಟ್ಟರು?

ಹಾಸನ, ಹೇಮಾವತಿ ನಗರ
ಎಲ್ಲಕ್ಕೂ ಮೂಲ ಚಿಕ್ಕಮಗಳೂರಿನ ಹೋಂಸ್ಟೇಗಳು. ಒಂದು ರಾತ್ರಿ ತಂಗಲು ಇಡೀ ಕುಟುಂಬದ ಆಧಾರ್ ವಾಟ್ಸ್‌ಆ್ಯಪ್ ಮಾಡಿ ಎನ್ನುತ್ತಾರೆ. ಅದು ಯಾರ ಫೋನಿನಲ್ಲಿ ಕೊಳೆಯುತ್ತದೆಯೋ.

ಚಿಕ್ಕಮಗಳೂರು, ಹೋಂಸ್ಟೇ ನಡೆಸುವವರು
ಸ್ವಲ್ಪ ನಾಲಿಗೆ ಹಿಡಿಯಿರಿ. ಅತಿಥಿಗಳ ವಿವರ ಬರೆದಿಡದಿದ್ದರೆ ಠಾಣೆಯಲ್ಲಿ ಉತ್ತರ ಕೊಡುವವಳು ನಾನು, ನೀವಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ತನ್ನಿ ಎಂದು ಗೋಡೆಯ ಮೇಲೆ ಬರೆಸಿದ್ದೇನೆ. ತರುವವರು ನೂರಕ್ಕೆ ಇಬ್ಬರಿಲ್ಲ, ಬಂದವರೆಲ್ಲ ಪೂರ್ಣ ಕಾರ್ಡನ್ನೇ ಎಸೆಯುತ್ತಾರೆ. ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬೇಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ ತಿಂಗಳಲ್ಲಿ ಪ್ರಕಟಣೆ ಹೊರಡಿಸಿತು, ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಅವರಿಗೇ ಇಲ್ಲದ ಸ್ಪಷ್ಟತೆಯನ್ನು ನನ್ನಿಂದ ಕೇಳುತ್ತೀರಿ.

ಸಕಲೇಶಪುರ, ತೋಟದ ಮಾಲೀಕ
ಸಿಮ್ ವಿಷಯ ಯಾರೂ ಎತ್ತಲಿಲ್ಲ. ಅಸ್ಸಾಂನಿಂದ ಬಂದ ಆಳುಗಳಿಗೆ ನನ್ನ ಹೆಸರಿನಲ್ಲೇ ಸಿಮ್ ಕೊಡಿಸಿದ್ದೆ. ಮನೆಯವರ ಜೊತೆ ಮಾತನಾಡಲಿ ಎಂದು, ಈಗಲೂ ಅದರಲ್ಲಿ ನಾಚಿಕೆಯಿಲ್ಲ. ಆದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿದರೆ ನಾನು ಕೊಡಿಸದ ಸಂಖ್ಯೆಗಳೂ ನನ್ನ ಹೆಸರಿನಲ್ಲಿದ್ದವು. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು, ಕಳ್ಳರಿಗೆ ಜಾಗ ಧಾರಾಳ. ‘ನನ್ನದಲ್ಲ’ ಎಂದು ಅಲ್ಲೇ ಗುರುತು ಹಾಕಿ, ಸೈಬರ್ ಅಪರಾಧಗಳನ್ನು ನೋಡುವ ಹಾಸನದ ಸೆನ್ ಠಾಣೆಗೂ ದೂರು ಕೊಟ್ಟೆ. ಗುರುತು ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಆದರೆ ಅಪ್ಪನ ಬಟನ್ ಮೊಬೈಲ್‌ನಲ್ಲಿ ಇದೆಲ್ಲ ಆಗುತ್ತದೆಯೇ?

ಅರಸೀಕೆರೆ ಲೆಕ್ಕಪತ್ರದವರು
ಆಧಾರ್‌ಗೆ ಅದೇ ಸಂಖ್ಯೆ ಜೋಡಣೆಯಾಗಿದ್ದರೆ ಸಾಕು. ಒಟಿಪಿ ಅವರಿಗೆ ಬರುತ್ತದೆ, ಅವರು ಫೋನಿನಲ್ಲಿ ಓದಿ ಹೇಳಲಿ, ನೀವು ಬೆಂಗಳೂರಿನಲ್ಲಿ ಜಾಲತಾಣ ತೆರೆದು ಬೀಗ ಹಾಕಿ. ಮಗನಿಗಲ್ಲದೆ ಬೇರೆ ಯಾರಿಗೂ ಓದಬಾರದು ಎಂದು ಗಟ್ಟಿಯಾಗಿ ಹೇಳಿ. ನವೆಂಬರ್‌ನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬೆರಳು ಒತ್ತುವಾಗ ತೆರೆಯುವುದನ್ನು ಮರೆಯಬೇಡಿ.

ಚನ್ನರಾಯಪಟ್ಟಣ
ನೋಡಿ, ಈಗ ಪಿಂಚಣಿಗೂ ಬಂತು. ನಾನು ಹೇಳಿದ್ದು ಅದನ್ನೇ.

ಸಕಲೇಶಪುರ, ತೋಟದ ಮಾಲೀಕ
ಮೂಡಿಗೆರೆಯವರೇ, ಕಿಲೋಗೆ 45 ಕಡಿಮೆ ಎಂದರೆ ನಂಬುವುದು ಕಷ್ಟ. ತೇವಾಂಶ ಎಷ್ಟಿತ್ತು?

ಮೂಡಿಗೆರೆ ಬೆಳೆಗಾರ
ತೇವ ಹನ್ನೊಂದೇ ಇತ್ತು. ನೀವು ಮೊದಲು ನಿಮ್ಮ ಸಿಮ್‌ಗಳನ್ನು ಎಣಿಸಿ.