ಕೆಳಗಿನ ಮನೆ ಗ್ರೂಪಿನಲ್ಲಿ ಚೇತಕ್ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ‘ಕೆಳಗಿನ ಮನೆ’ ಅಂತ ಹೆಸರು. ಮನೆ ಇರುವುದು ಕಾಸರಗೋಡಿನ ನೀರ್ಚಾಲಿನ ಹತ್ತಿರ. ಅಜ್ಜ 1992ರಲ್ಲಿ ತೆಗೆದ ಬಜಾಜ್ ಚೇತಕ್ ಈಗಲೂ ಅಡಿಕೆ ಕೊಟ್ಟಿಗೆಯಲ್ಲಿ ಉಂಟು. ಜಾಗದ ಪಾಲಾಯಿತು, ಸ್ಕೂಟರಿನ ಪಾಲಾಗಲಿಲ್ಲ. ಹಾಗಾಗಿ ಅದು ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಗುರುವಾರ ರಾತ್ರಿ ನಡೆದ ಮಾತುಕತೆ ಇದು. ಗುಡ್ ನೈಟ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ತಮ್ಮ (ಬೆಂಗಳೂರು): ನಾಳೆ ರಾತ್ರಿ ಬಸ್ಸು ಹತ್ತುತ್ತೇನೆ. ಆದಿತ್ಯವಾರ ಚೇತಕ್‌ನಲ್ಲಿ ಬೇಕಲ ಕೋಟೆಗೆ. ಇವಳೂ ಬರುತ್ತಾಳೆ. ಗಾಡಿಯನ್ನು ಯಾರೂ ಮುಟ್ಟಬೇಡಿ.

ದೊಡ್ಡಪ್ಪ: ಬಾ ಮಗಾ. ಹೊರಡುವ ಮೊದಲು ಇದನ್ನು ಓದು.

ದೊಡ್ಡಪ್ಪ (ಫಾರ್ವರ್ಡ್): ಹಳೆ ಸ್ಕೂಟರ್ ಇರುವವರು ತಪ್ಪದೆ ಓದಿ!! ಹಳೆ ಮೆಕ್ಯಾನಿಕ್ ಹೇಳಿದ ಗುಟ್ಟು. ಪೆಟ್ರೋಲು ಲೀಟರಿಗೆ 20 ಎಂಎಲ್ ಅಲ್ಲ, 60 ಎಂಎಲ್ ಆಯಿಲ್ ಹಾಕಿ, ಎಂಜಿನ್ ಸಾಯುವುದಿಲ್ಲ. ಮಳೆಗಾಲದಲ್ಲಿ ಎರಡೂ ಟಯರಿಗೆ 40 ಗಾಳಿ ಹಾಕಿ, ಜಾರುವುದಿಲ್ಲ. ಟಯರಿನಲ್ಲಿ ಗೀರು ಇರುವ ತನಕ ಬದಲಿಸಬೇಡಿ, ಕಂಪನಿಯವರ ಮೋಸಕ್ಕೆ ಬಲಿಯಾಗಬೇಡಿ. ಹತ್ತು ಜನರಿಗೆ ಕಳಿಸಿ.

ಭಾವ (ಪೆರ್ಲ): ನೂರಕ್ಕೆ ನೂರು ಸತ್ಯ.

ಅತ್ತೆ (ಮುಳ್ಳೇರಿಯ): ಬೇಕಲಕ್ಕೆ ಬಸ್ಸು ಇಲ್ವಾ?

ನಾನು: ದೊಡ್ಡಪ್ಪ, ಬೇಜಾರು ಮಾಡಬೇಡಿ. ಇದರಲ್ಲಿ ಮೂರು ಮಾತು ಉಂಟು, ಮೂರೂ ತಪ್ಪು.

ದೊಡ್ಡಪ್ಪ: ಅಜ್ಜ ಕಣ್ಣಂದಾಜಿನಲ್ಲಿ ಆಯಿಲ್ ಹಾಕುತ್ತಿದ್ದದ್ದು. ಮೂವತ್ತು ವರ್ಷ ಓಡಲಿಲ್ವಾ?

ನಾನು: ಓಡಿತು. ಎಷ್ಟು ಸಲ ಸೈಲೆನ್ಸರ್ ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಕಾರ್ಬನ್ ತೆಗೆದದ್ದು, ಅದನ್ನೂ ಹೇಳಿ. ಒಲೆ ಹತ್ತಿರ ನಿಂತು ಹೊಗೆ ಕುಡಿದದ್ದು ನಾನು. ಅರುವತ್ತರ ದಶಕಕ್ಕೆ ಮೊದಲಿನ ವೆಸ್ಪಾಗಳಿಗೆ ನೂರಕ್ಕೆ ಐದು ಪಾಲು ಆಯಿಲ್ ಬೇಕಿತ್ತು. ಆ ಲೆಕ್ಕ ಬಾಯಿಂದ ಬಾಯಿಗೆ ಬಂದು ಇನ್ನೂ ನಿಂತಿದೆ. ಚೇತಕ್‌ಗೆ ಎರಡು ಪಾಲು ಸಾಕು. ಅಂದ್ರೆ ಲೀಟರಿಗೆ 20 ಎಂಎಲ್.

ಭಾವ (ಪೆರ್ಲ): ಆಯಿಲ್ ಜಾಸ್ತಿಯಾದ್ರೆ ಎಂಜಿನ್ ತಂಪು. ಇದು ಸಣ್ಣ ಮಕ್ಕಳಿಗೂ ಗೊತ್ತು ಭಾವ.

ನಾನು: ಅಲ್ಲಿಯೇ ನೀವು ಜಾರುವುದು ಭಾವ. ಕಾರ್ಬ್ಯುರೇಟರಿನ ಜೆಟ್ಟಿನ ತೂತು ದೊಡ್ಡದಾಗುವುದಿಲ್ಲ, ಸಣ್ಣದಾಗುವುದಿಲ್ಲ. ಅದರೊಳಗೆ ಹೋಗುವುದು ಪೆಟ್ರೋಲು ಆಯಿಲು ಸೇರಿದ್ದು. ಆಯಿಲ್ ಜಾಸ್ತಿಯಾದಷ್ಟೂ ಪೆಟ್ರೋಲು ಕಮ್ಮಿ. ಪೆಟ್ರೋಲು ಕಮ್ಮಿಯಾದ್ರೆ ಎಂಜಿನ್ ಬಿಸಿಯಾಗುವುದು, ತಂಪಾಗುವುದಲ್ಲ. ಈ ವ್ಯತ್ಯಾಸ ಸಣ್ಣದೇ, ಒಪ್ಪುತ್ತೇನೆ. ಆದರೆ ಸುಡದೆ ಉಳಿದ ಆಯಿಲ್ ಪ್ಲಗ್ಗಿಗೆ ಹಿಡಿಯುತ್ತದೆ, ಸೈಲೆನ್ಸರ್ ಕಟ್ಟುತ್ತದೆ. ದೊಡ್ಡಪ್ಪ, ನೀವು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ತೂಗಿ ಹಾಕುತ್ತೀರಿ. ಕೆಲಸದವರು ಒಂದು ಹಿಡಿ ಜಾಸ್ತಿ ಹಾಕಿದ್ರೆ ಬೈತೀರಿ. ಸ್ಕೂಟರಿಗೆ ಮಾತ್ರ ಕಣ್ಣಂದಾಜು ಯಾಕೆ?

(ಐದು ನಿಮಿಷ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ‘ಟೈಪಿಂಗ್’ ಅಂತ ತೋರಿಸುತ್ತಾ ಇದ್ದರು.)

ದೊಡ್ಡಪ್ಪ: ಬೋರ್ಡೋ ಬೇರೆ.

ತಮ್ಮ (ಬೆಂಗಳೂರು): ಅಣ್ಣ, ಆಯಿಲ್ ಬಿಡು. ಇಲ್ಲೊಬ್ಬ ದೊಡ್ಡ ಕಾರ್ಬ್ಯುರೇಟರು, ರೇಸಿನ ಸೈಲೆನ್ಸರು ಹಾಕಿ ಕೊಡುತ್ತಾನಂತೆ. ತಂದು ಹಾಕುವಾ?

ನಾನು: ಮೊದಲು ಇರುವ ಎಂಜಿನ್ ಸರಿ ಉಂಟಾ ನೋಡುವಾ. ಹೋದ ತಿಂಗಳು ನಾನು ಸ್ಟಾರ್ಟ್ ಮಾಡಿದಾಗ ಆಕ್ಸಿಲರೇಟರ್ ಬಿಟ್ಟರೂ ರೇಸು ಇಳಿಯಲಿಲ್ಲ. ಕೂಗುತ್ತಲೇ ಇತ್ತು.

ಭಾವ (ಪೆರ್ಲ): ಕೇಬಲ್ ಹಿಡಿದಿರಬೇಕು.

ನಾನು: ಕೇಬಲ್ ಬಿಚ್ಚಿ ನೋಡಿದೆ. ಅದಲ್ಲ. ಮ್ಯಾಗ್ನೆಟ್ ಬದಿಯ ಆಯಿಲ್ ಸೀಲ್ ಹೋಗಿದೆ ಅಂತ ನನ್ನ ಅಂದಾಜು. ಕ್ರ್ಯಾಂಕಿಗೆ, ಅಂದ್ರೆ ಪಿಸ್ಟನ್ ತಿರುಗಿಸುವ ದಂಡಕ್ಕೆ, ಎರಡು ಬದಿ ಸೀಲ್ ಇರುತ್ತದೆ. ಕ್ಲಚ್ ಬದಿಯದ್ದು ಹೋದ್ರೆ ಗೇರ್ ಆಯಿಲನ್ನು ಎಳೆದು ಸುಡುತ್ತದೆ, ಬಿಳಿ ಹೊಗೆ ಬರುತ್ತದೆ, ನಮಗೆ ಗೊತ್ತಾಗುತ್ತದೆ. ಮ್ಯಾಗ್ನೆಟ್ ಬದಿಯದ್ದು ಹೋದ್ರೆ ಬರೀ ಗಾಳಿ ಎಳೆಯುತ್ತದೆ, ಪೆಟ್ರೋಲಿನ ಪಾಲು ಕಮ್ಮಿಯಾಗಿ ಎಂಜಿನ್ ಬಿಸಿಯಾಗುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ. ಗಾಡಿ ಯಾವತ್ತಿಗಿಂತ ಜೋರಾಗಿಯೇ ಓಡುತ್ತದೆ. ನಾವು ಆಹಾ ಅಂತ ಕೂತಿರುತ್ತೇವೆ, ಚೆರ್ಕಳದ ಏರಿನಲ್ಲಿ ಪಿಸ್ಟನ್ ಜಾಮ್. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಅದಕ್ಕೇ ಅಜ್ಜ ಇಳಿಜಾರಾಗಲಿ ಏರಾಗಲಿ ಎರಡು ಬೆರಳು ಕ್ಲಚ್ಚಿನ ಮೇಲೇ ಇಡುತ್ತಿದ್ದದ್ದು. ಜಾಮ್ ಆದ ಕೂಡಲೇ ಕ್ಲಚ್ ಹಿಡಿದ್ರೆ ಚಕ್ರ ಬಿಡುಗಡೆ.

ಅತ್ತೆ (ಮುಳ್ಳೇರಿಯ): ಬಸ್ಸಿನಲ್ಲಿ ಹೋಗಿ ಅಂದೆ.

ತಮ್ಮ (ಬೆಂಗಳೂರು): ಸೀಲ್ ಎಷ್ಟು ರೂಪಾಯಿ?

ನಾನು: ಸೀಲ್ ಏನೂ ದುಬಾರಿಯಲ್ಲ. ಮ್ಯಾಗ್ನೆಟ್ ಬಿಚ್ಚುವ ಪುಲ್ಲರ್ ನನ್ನ ಹತ್ತಿರ ಉಂಟು. ಶನಿವಾರ ಬೆಳಿಗ್ಗೆ ಮಾಡುವಾ. ಪ್ಲಗ್ಗಿನ ತುದಿ ಈಗ ಸುಣ್ಣ ಬಳಿದ ಹಾಗೆ ಬೆಳ್ಳಗುಂಟು. ಸೀಲ್ ಹಾಕಿ ಒಂದು ಸುತ್ತು ಹೋಗಿ ಬಂದ ಮೇಲೆ ಕಾಫಿಪುಡಿ ಬಣ್ಣಕ್ಕೆ ಬಂದ್ರೆ ಸರಿ. ಕಿಡಿ ಕೊಡುವ ಪಾಯಿಂಟಿನ ಗ್ಯಾಪೂ ಆಗಲೇ ನೋಡುವಾ. ಹಾಂ, ಟ್ಯಾಂಕಿನ ಪೆಟ್ರೋಲು ಪೂರ್ತಿ ಚೆಲ್ಲಬೇಕು. ಮೂರು ತಿಂಗಳ ಹಿಂದೆ ತಲಪಾಡಿ ಗಡಿ ದಾಟಿ ಹಾಕಿಸಿದ್ದು.

ಭಾವ (ಪೆರ್ಲ): ಅಗ್ಗದ ಪೆಟ್ರೋಲು ಚೆಲ್ಲುವುದಾ! ಕರ್ನಾಟಕದ್ದು ಅಂತ ತಾತ್ಸಾರವಾ?

ನಾನು: ಎರಡೂ ಕಡೆಯದ್ದು ಒಂದೇ ಭಾವ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಆಟಿಯ ಮಳೆಯಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಇನ್ನು ಟ್ಯಾಂಕಿನ ಕತೆ ಏನು? ನೀರು ಜಾಸ್ತಿಯಾದ್ರೆ ಎಥನಾಲ್ ಸಮೇತ ಕೆಳಗೆ ಕೂರುತ್ತದೆ. ಕಾರ್ಬ್ಯುರೇಟರಿಗೆ ಮೊದಲು ಹೋಗುವುದು ಅದೇ. ಹಳೆ ರಬ್ಬರ್ ಪೈಪೂ ಅದಕ್ಕೆ ಮೆತ್ತಗಾಗುತ್ತದೆ, ಅದನ್ನೂ ಬದಲಿಸಬೇಕು.

ತಮ್ಮ (ಬೆಂಗಳೂರು): ವಿಂಟೇಜ್ ಅಂತ ನೋಂದಣಿ ಮಾಡಿಸಿದ್ರೆ ಈ ರಗಳೆ ಇಲ್ವಾ?

ನಾನು: ವಿಂಟೇಜಿಗೆ 50 ವರ್ಷ ಆಗಬೇಕು. ಇದಕ್ಕೆ 2042ರಲ್ಲಿ ಆಗುತ್ತದೆ. ಆಮೇಲೆ ದಿನಾ ಓಡಿಸ್ಲಿಕ್ಕೆ ಬಿಡುವುದಿಲ್ಲ. ಈಗ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಅಷ್ಟೇ.

ದೊಡ್ಡಪ್ಪ: ಟಯರಿನ ಮಾತಿಗೆ ಉತ್ತರ ಬರಲಿಲ್ಲ. ನಾನು ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಹಿಂದಿನ ಟಯರಿನ ಗೀರಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತದೆ.

ನಾನು: ಅದರ ಬದಿಯ ಫೋಟೋ ಹಾಕಿ. ಉದ್ದುರುಟು ಗೆರೆಯೊಳಗೆ ನಾಲ್ಕಂಕೆ ಇರುತ್ತದೆ.

ದೊಡ್ಡಪ್ಪ (ಫೋಟೋ): 1411 ಅಂತ ಉಂಟು.

ನಾನು: ಮೊದಲೆರಡು ವಾರ, ಮತ್ತೆರಡು ವರ್ಷ. 2011ರ 14ನೇ ವಾರದಲ್ಲಿ ಮಾಡಿದ ಟಯರು. ಗೀರು ಸವೆಯದಿರುವುದು ಗಾಡಿ ಓಡದೆ ನಿಂತದ್ದಕ್ಕೆ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿ, ಬದಿಯಲ್ಲಿ ಕೂದಲಿನಷ್ಟು ತೆಳು ಬಿರುಕು ಉಂಟು. ಭಾವ, ನಿಮಗೆ ಎರಡೆಕರೆ ರಬ್ಬರ್ ಉಂಟಲ್ಲ. ಒಣ ಹಾಕಿ ಮರೆತುಬಿಟ್ಟ ಶೀಟು ಬಿಸಿಲಿಗೆ ಹೇಗಾಗುತ್ತದೆ, ನೀವೇ ಹೇಳಿ.

ಭಾವ (ಪೆರ್ಲ): ನನ್ನನ್ನು ಯಾಕೆ ಸಾಕ್ಷಿಗೆ ಕರೆಯುವುದು?

ಅಕ್ಕ (ಪೆರ್ಲ): ಇವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಂಟಂಟಾಗಿ ಹಾಳಾಗುತ್ತದೆ, ರೇಟು ಸಿಗುವುದಿಲ್ಲ. ಹೋದ ವರ್ಷ ಆಗಿದೆ.

ಭಾವ (ಪೆರ್ಲ): ಈ ಸಂದೇಶವನ್ನು ಅಳಿಸಲಾಗಿದೆ

ನಾನು: ನಾನು ಎರಡು ಮಳೆಗಾಲದ ಹಿಂದೆ ಸೀತಾಂಗೋಳಿಯ ತಿರುವಿನಲ್ಲಿ ಬಿದ್ದದ್ದು ಇದೇ ಟಯರಿನಲ್ಲಿ. ನಿಮಗೆಲ್ಲ ನಾಯಿ ಅಡ್ಡ ಬಂತು ಅಂತ ಹೇಳಿದ್ದೆ. ನಾಯಿ ಇರಲಿಲ್ಲ. ಸ್ಪೀಡು ಮೂವತ್ತೂ ಇರಲಿಲ್ಲ. ಬ್ರೇಕ್ ಮುಟ್ಟಿದೆ, ಹಿಂದಿನ ಚಕ್ರ ಅಡಿಕೆ ಹಾಳೆಯಲ್ಲಿ ಮಕ್ಕಳನ್ನು ಎಳೆದ ಹಾಗೆ ಪಕ್ಕಕ್ಕೆ ಹೋಯಿತು. ಆ ದಿನ ಗಾಳಿಯೂ ಎರಡಕ್ಕೂ 40 ಇತ್ತು. ಅಂಗಡಿಯ ಹುಡುಗ ಬೈಕಿಗೆ ಹಾಕುವ ಹಾಗೆ ಹಾಕಿದ, ನಾನು ನೋಡಲಿಲ್ಲ. ಹತ್ತಿಂಚಿನ ಸಣ್ಣ ಚಕ್ರ ಅದು. ಗಾಳಿ ಜಾಸ್ತಿಯಾದ್ರೆ ನೆಲಕ್ಕೆ ತಾಗುವ ಜಾಗ ಇನ್ನೂ ಕಮ್ಮಿ. ಮುಂದೆ 18, ಹಿಂದೆ ಒಬ್ಬರಿಗೆ 25, ಇಬ್ಬರಿಗೆ 36. ಇಷ್ಟೇ.

ಅತ್ತೆ (ಮುಳ್ಳೇರಿಯ): ನಾಯಿ ಇರಲಿಲ್ವಾ? ನಾನು ಮಧೂರಿಗೆ ಹರಕೆ ಹೇಳಿದ್ದು ಯಾವುದಕ್ಕೆ ಮತ್ತೆ?

ತಮ್ಮ (ಬೆಂಗಳೂರು): ಹಾಗಾದ್ರೆ ಎರಡು ಹೊಸ ಟಯರು, ಎರಡು ಟ್ಯೂಬು. ಯಾವುದು ತರಲಿ?

ನಾನು: 3.50-10. ಅದರ ಮುಂದೆ 51ಜೆ ಅಥವಾ 59ಜೆ ಅಂತ ಇರುತ್ತದೆ. 51 ಅಂದ್ರೆ ಒಂದು ಟಯರು 195 ಕಿಲೋ ಹೊರುತ್ತದೆ, 59 ಅಂದ್ರೆ 243. ಇಬ್ಬರು ಕೂರುವವರು, ಹಿಂದಿನದ್ದು 59 ಸಿಕ್ಕಿದ್ರೆ ಒಳ್ಳೆಯದು. ಹಳೆ ಸ್ಟಾಕ್ ಕೊಟ್ಟರೆ ತರಬೇಡ, ನಾಲ್ಕಂಕೆ ನೋಡಿಯೇ ದುಡ್ಡು ಕೊಡು. ಮತ್ತೊಂದು, ನಾನು ಇಲ್ಲದಾಗ ಚಕ್ರ ಬಿಚ್ಚಬೇಡ. ರಿಮ್ಮು ಎರಡು ಹೋಳು. ಡ್ರಮ್ಮಿಗೆ ಕೂರಿಸುವ ಐದು ನಟ್ಟು ಬೇರೆ, ಹೋಳು ಜೋಡಿಸುವ ಐದು ನಟ್ಟು ಬೇರೆ. ನೋಡ್ಲಿಕ್ಕೆ ಒಂದೇ ಥರ. ಗಾಳಿ ಇರುವಾಗ ಹೋಳಿನ ನಟ್ಟು ಬಿಚ್ಚಿದ್ರೆ ರಿಮ್ಮು ಸಿಡಿದು ಮುಖಕ್ಕೆ ಬರುತ್ತದೆ. ಮೊದಲು ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಬಿಡಬೇಕು.

ಭಾವ (ಪೆರ್ಲ): ದುಡ್ಡು ಯಾರು ಹಾಕುವುದು?

(ಇಲ್ಲಿ ಗ್ರೂಪು ಪುನಃ ತಣ್ಣಗಾಯಿತು. ನೀಲಿ ಗೀಟು ಎಲ್ಲರದ್ದೂ ಬಿದ್ದಿತ್ತು.)

ನಾನು: ಓಡಿಸುವವರೆಲ್ಲ ಸಮ ಹಾಕುವಾ. ನಾಲ್ಕು ಪಾಲು.

ಭಾವ (ಪೆರ್ಲ): ನಾನು ವರ್ಷಕ್ಕೊಮ್ಮೆ ಓಡಿಸುವುದು. ಆಯುಧಪೂಜೆಗೆ, ಅಂಗಳದಲ್ಲಿ.

ತಮ್ಮ (ಬೆಂಗಳೂರು): ಭಾವ, ನಿಮ್ಮ ಡಿಪಿಯಲ್ಲಿರುವುದು ಯಾವ ಗಾಡಿ?

ದೊಡ್ಡಪ್ಪ: ಜಗಳ ಬೇಡ. ಒಂದೇ ಟಯರು ತಂದ್ರೆ ಸಾಕು. ಇನ್ನೊಂದಕ್ಕೆ ಸ್ಟೆಪ್ನಿ ಉಂಟು. ಅಜ್ಜ ಗಾಡಿ ತಂದ ದಿನ ಹಾಕಿದ ಕವರು, ಇವತ್ತಿನವರೆಗೆ ತೆಗೆದಿಲ್ಲ. ನೆಲ ಮುಟ್ಟದ ಟಯರು. ಹೊಚ್ಚ ಹೊಸತು.

ನಾನು: ದೊಡ್ಡಪ್ಪ, ಕವರು ಸರಿಸಿ ನಂಬರ್ ನೋಡಿ.

ದೊಡ್ಡಪ್ಪ: ಈಗ ಹನ್ನೊಂದು ಗಂಟೆ.

ನಾನು: ಟಾರ್ಚ್ ಕೈಯಲ್ಲೇ ಉಂಟಲ್ಲ.

ದೊಡ್ಡಪ್ಪ: ನೋಡಿದೆ. ನಾಲ್ಕಂಕೆ ಇಲ್ಲ. ಮೂರೇ ಉಂಟು. 062.

ತಮ್ಮ (ಬೆಂಗಳೂರು): ಮೂರಂಕೆ ಅಂದ್ರೆ?

ನಾನು: 2000ಕ್ಕಿಂತ ಹಿಂದಿನದ್ದಕ್ಕೆ ಮೂರೇ ಅಂಕೆ. ಆರನೇ ವಾರ, ಕೊನೆಯ 2 ಅಂದ್ರೆ 1992. ನಿನಗಿಂತ ಎರಡು ವರ್ಷ ದೊಡ್ಡದು.

ಅಕ್ಕ (ಪೆರ್ಲ): ತಮ್ಮಾ, ಮೂರು ಟಯರು ತಾ. ಇವರ ಪಾಲು ನಾನು ಈಗಲೇ ಕಳಿಸುತ್ತೇನೆ.

ಭಾವ (ಪೆರ್ಲ): ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ (ಮುಳ್ಳೇರಿಯ): ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಎಷ್ಟು ಜನ ಅಂತ ಈಗಲೇ ಹೇಳಿ. ಪತ್ರೊಡೆಗೆ ಅಕ್ಕಿ ನೆನೆ ಹಾಕಬೇಕು.