ಸಹಾಯ ಬೇಕು: ಹಳೆಯ ಇಂಗ್ಲಿಷ್ ಕ್ರಯಪತ್ರದ ಪದಗಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಂಡು ಪ್ರದೇಶದಲ್ಲಿದ್ದ ನಮ್ಮ ಮುತ್ತಜ್ಜನ ಮನೆಯ ಇಂಗ್ಲಿಷ್ ಕ್ರಯಪತ್ರವನ್ನು ಮನೆಯ ಹಿರಿಯರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಭಾಷೆಯೇನೋ ಇಂಗ್ಲಿಷ್, ಆದರೆ ಅರ್ಧ ಪದಗಳು ಇಂದಿನ ಬಳಕೆಯಲ್ಲಿಲ್ಲ.

ಕೆಲವು ಬಿಡಿಸಿಕೊಂಡಿದ್ದೇನೆ. 'ಇಂಡೆಂಚರ್' ಎಂದರೆ ಇಬ್ಬರ ನಡುವಿನ ಕರಾರುಪತ್ರ; ಅದರ ಮೂಲ ಹಲ್ಲು ಎಂಬ ಅರ್ಥದ ಲ್ಯಾಟಿನ್ ಪದ. ಒಂದೇ ಚರ್ಮದ ಹಾಳೆಯಲ್ಲಿ ಕರಾರನ್ನು ಎರಡು ಬಾರಿ ಬರೆದು, ನಡುವೆ ಗರಗಸದ ಹಲ್ಲಿನಂತೆ ಕತ್ತರಿಸಿ, ಇಬ್ಬರಿಗೂ ಒಂದೊಂದು ಭಾಗ ಕೊಡುತ್ತಿದ್ದರಂತೆ. ಅಂಚುಗಳು ಕೂಡಿದರೆ ಪತ್ರ ಅಸಲಿ. ಎಷ್ಟು ಜಾಣ ಉಪಾಯ! 'ಟು ವಿಟ್' ಎಂದರೆ 'ಅಂದರೆ'; ತಿಳಿಯುವುದು ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದದ್ದು. ಜೊತೆಗಿದ್ದ ಕಾಗದದಲ್ಲಿನ '೧೫ ಅಲ್ಟಿಮೊ' ಕಳೆದ ತಿಂಗಳ ಹದಿನೈದು, 'ಇನ್‌ಸ್ಟಂಟ್' ಈ ತಿಂಗಳದು. ಗುತ್ತಿಗೆಯ ಭಾಗದಲ್ಲಿ ಬರುವ 'ಡಿಮೈಸ್' ಸಾವಲ್ಲ, ಗುತ್ತಿಗೆಗೆ ಕೊಡುವುದು. ಚಿಕ್ಕಮ್ಮ ಸುಮ್ಮನೆ ಗಾಬರಿಯಾದರು.

ಈಗ ನಿಮ್ಮ ನೆರವು ಬೇಕಾದದ್ದು ಎರಡಕ್ಕೆ. 'ಮೆಸ್ಸುವೇಜ್' ಎಂದರೆ ಮನೆ, ಅದರ ಹೊರಕಟ್ಟಡಗಳು, ಹೊಂದಿಕೊಂಡ ಜಾಗ ಎಲ್ಲವೂ ಸೇರಿದ್ದು. 'ಮನೆ ಹಿತ್ತಲು' ಎಂದರೆ ಸಾಕೇ? ಎರಡನೆಯದು 'ಅಪರ್ಟನೆನ್ಸಸ್', ಅಂದರೆ ಆಸ್ತಿಯೊಂದಿಗೇ ಬರುವ ದಾರಿ, ನೀರಿನಂಥ ಹಕ್ಕುಗಳು. ನಮ್ಮ ಹಳೆಯ ಪತ್ರಗಳ 'ನಿಧಿ ನಿಕ್ಷೇಪ ಜಲ ಪಾಷಾಣ' ಎಂಬ ಅಷ್ಟಭೋಗದ (ಆಸ್ತಿಯ ಮೇಲಿನ ಎಂಟು ಬಗೆಯ ಹಕ್ಕುಗಳ) ಸಾಲು ನೆನಪಾಗುತ್ತದೆ, ಆದರೆ ನಿಧಿಯನ್ನೂ ಸೇರಿಸಿದರೆ ಮೂಲದಲ್ಲಿಲ್ಲದ್ದನ್ನು ಕೊಟ್ಟಂತಾಗುವುದಿಲ್ಲವೇ?

ಪತ್ರ ಬರಹಗಾರರು, ವಕೀಲರು, ನೋಂದಣಿ ಕಚೇರಿಯಲ್ಲಿ ದುಡಿದವರು ಯಾರಾದರೂ ಇದ್ದರೆ, ನೀವು ನಿಜವಾಗಿ ಬಳಸಿದ ಕನ್ನಡ ಪದಗಳನ್ನು ದಯವಿಟ್ಟು ತಿಳಿಸಿ.